ಬಾಯಿಗೆ ಬಾರದ ಪಾಸ್‌ವರ್ಡ್

ನನ್ನ ಕಂಪ್ಯೂಟರಿನೊಳಗೆ ಯಾರಾದರೂ ಬರುತ್ತಾರೆ ಎಂದರೆ ನಾನು ಮೊದಲು ಸೆರಗು ಸರಿಮಾಡಿಕೊಳ್ಳುತ್ತೇನೆ. ನಗಬೇಡಿ ಮಕ್ಕಳೇ. ನಿಮ್ಮ ಮೇಘನಕ್ಕ ಅಂಜನಾಪುರದ ತನ್ನ ಮನೆಯಲ್ಲಿ ಕೂತು ಕತ್ರಿಗುಪ್ಪೆಯ ನನ್ನ ಕಂಪ್ಯೂಟರನ್ನು ರಿಪೇರಿ ಮಾಡುವಾಗ ತೆರೆಯ ಮೇಲಿನ ಬಾಣ ತಾನಾಗಿಯೇ ಓಡಾಡುತ್ತದೆ. ಅವಳಿಗೆ ನಾನು ಕಾಣಿಸುವುದಿಲ್ಲವೆಂದು ಎಷ್ಟು ಸಲ ಹೇಳಿದರೂ ನನಗೆ ನಂಬಿಕೆಯಿಲ್ಲ. ಮನೆಗೆ ಬಂದವರ ಎದುರು ಕೆದರಿದ ತಲೆಯಲ್ಲಿ ಕೂರುವುದು ಹೇಗೆ? ಮೊದಲನೆಯ ಸಲವಂತೂ ಬಾಣ ಹೊರಟುಹೋದ ಮೇಲೆ, ಅಯ್ಯೋ, ಮಗುವಿಗೆ ಒಂದು ಲೋಟ ಕಾಫಿಯನ್ನೂ ಕೊಡಲಿಲ್ಲವಲ್ಲ ಎಂದು ಪೇಚಾಡಿಕೊಂಡೆ.

ದೂರದಿಂದ ಒಳಗೆ ಬರುವ ಈ ಸಾಫ್ಟ್‌ವೇರಿಗೆ ಎರಡು ಬೀಗ. ಒಂದು, ತೆರೆಯ ಮೇಲೆ ಕಾಣುವ ಉದ್ದನೆಯ ನಂಬರು. ಇನ್ನೊಂದು ಪಾಸ್‌ವರ್ಡ್. ನಾನು ಮರೆಯಬಾರದೆಂದು ಮೇಘನಾ ನಿಮ್ಮ ತಾತನ ಹೆಸರನ್ನೇ ಪಾಸ್‌ವರ್ಡ್ ಮಾಡಿದ್ದಳು. ಮರೆಯುವ ಮಾತು ಹಾಗಿರಲಿ, ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳೇ ಅಲ್ಲ. ಗಂಡನ ಹೆಸರು ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆಂದು ನಮ್ಮೂರಿನಲ್ಲಿ ನಂಬಿಕೆ. ರೇಷನ್ ಕಾರ್ಡಿನ ಸಾಲಿನಲ್ಲೂ ಪಕ್ಕದವರ ಕೈಲಿ ಹೇಳಿಸಿದವಳು ನಾನು.

ಹೋದ ತಿಂಗಳು ಒಂದು ಬೆಳಿಗ್ಗೆ, ಹುಳಿಗೆ ಒಗ್ಗರಣೆ ಇಡುವ ಹೊತ್ತಿಗೆ ಫೋನು ಬಂತು. "ಮೇಡಂ, ಕಂಪ್ಯೂಟರ್ ಕಂಪನಿಯಿಂದ ಮಾತಾಡ್ತಿರೋದು. ನಿಮ್ಮ ಕಂಪ್ಯೂಟರ್ ತುಂಬಾ ವೈರಸ್ ಇದೆ." ಪೆನ್ಷನ್ನಿನ ಬ್ಯಾಂಕು, ತಾತನ ಫೋಟೋಗಳು, ನಿಮಗೆಂದು ಒಂದೊಂದೇ ಅಕ್ಷರ ಕುಟ್ಟಿ ಬರೆದದ್ದು, ಎಲ್ಲವೂ ಅದರೊಳಗೇ ಇದ್ದವು. ಒಗ್ಗರಣೆ ಸೀದರೆ ಸೀಯಲಿ ಎಂದು ಓಡಿ, ಅವನು ಕೇಳಿದ ನಂಬರನ್ನು ಓದಿ ಹೇಳಿಬಿಟ್ಟೆ.

"ಈಗ ಪಾಸ್‌ವರ್ಡ್ ಹೇಳಿ ಮೇಡಂ."

"ಅದು ನಮ್ಮನೆಯವ್ರ ಹೆಸರಪ್ಪ."

"ಹಾಂ, ಹೇಳಿ."

"ಹೇಳೋ ಹಾಗಿಲ್ವಲ್ಲ."

"ಯಾಕೆ, ಸಾರ್ ಬೈತಾರಾ?"

"ಅವರು ಹೋಗಿ ಆರು ವರ್ಷ ಆಯ್ತು."

"ಮತ್ತಿನ್ನೇನು ಭಯ ಆಂಟಿ?"

ಭಯ ಅಲ್ಲಪ್ಪ, ಬಾಯಿಗೇ ಬರಲ್ಲ ಎಂದೆ. ಹಾಗಾದರೆ ಒಂದೊಂದೇ ಅಕ್ಷರ ಹೇಳಿ ಎಂದ. "ಇಡ್ಲೀನ ಮುರ್ಕೊಂಡು ತಿಂದ್ರೆ ಉಪವಾಸ ಆಗತ್ತೇನಪ್ಪ?" ಎಂದೆ. ಆದರೂ, ಸಹಾಯಕ್ಕೆ ಬಂದವನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ನಮ್ಮ ಕಾಲದ ಮದುವೆಗಳಲ್ಲಿ ಹೊಸ ಹೆಣ್ಣಿನ ಬಾಯಿಂದ ಗಂಡನ ಹೆಸರು ಹೊರಡಿಸಲು ಒಗಟಿನ ದಾರಿಯಿತ್ತು. ಅದನ್ನೇ ಹಿಡಿದೆ.

"ತಲೆ ಮೇಲೆ ಚಂದ್ರನ್ನ ಇಟ್ಕೊಂಡೋರು."

"ಏನದು, ಟೋಪಿನಾ ಆಂಟಿ?"

ಟೋಪಿ ಹಾಕಲು ಬಂದವನಿಗೆ ಟೋಪಿಯೇ ಹೊಳೆದದ್ದು ಯಾಕೆಂದು ನನಗೆ ಆಮೇಲೆ ಅರ್ಥವಾಯಿತು.

"ಮೈಯೆಲ್ಲ ಬೂದಿ, ಕೊರಳಲ್ಲಿ ಹಾವು."

"ಓ, ಶಿವ!" ಟಪಟಪ ಒತ್ತಿದ. "ತಪ್ಪು ಅಂತಿದೆ."

"ಇನ್ನೂ ಉದ್ದ ಇದೆ, ಯೋಚ್ನೆ ಮಾಡು."

ಈಶ್ವರ ಎಂದ, ನಂಜುಂಡ ಎಂದ. ಮದುವೆಯ ಹಸೆಮಣೆಯಿಂದ ಎದ್ದ ಮೇಲೆ ಯಾರೂ ನನ್ನನ್ನು ಒಗಟು ಕೇಳಿರಲಿಲ್ಲ. ನನಗೂ ಹುರುಪು ಬಂತು. "ಚಂದ್ರನ್ನ ಬಿಡ್ಬೇಡ, ಹತ್ರ ಬಂದಿದೀಯ!" ಎಂದೆ. "ಚಂದ್ರಪ್ಪ?" ಎಂದ. ಅಷ್ಟರಲ್ಲಿ ಸಾಫ್ಟ್‌ವೇರಿಗೇ ಸಾಕಾಯಿತು. ಬಹಳ ಸಲ ತಪ್ಪಾಗಿದೆ, ಇನ್ನು ಬಾಗಿಲು ತೆಗೆಯುವುದಿಲ್ಲ ಎಂದಿತಂತೆ. "ಅಜ್ಜಿ, ನಿಮಗೊಂದು ದೊಡ್ಡ ನಮಸ್ಕಾರ," ಎಂದು ಫೋನಿಟ್ಟ. ಮೇಡಂ ಆಗಿದ್ದವಳು ಅರ್ಧ ಗಂಟೆಯಲ್ಲಿ ಆಂಟಿಯಾಗಿ, ಅಜ್ಜಿಯಾಗಿ ಮುಗಿದಿದ್ದೆ.

ಪಾಪ, ಉತ್ತರ ಸಿಗದೆಯೇ ಹೋದ ಎಂದು ಮೇಘನಾಗೆ ಫೋನಿನಲ್ಲಿ ಹೇಳಿದರೆ ಅವಳು ಕಿರುಚಿಯೇ ಬಿಟ್ಟಳು. "ಅಜ್ಜಿ! ಅವನು ಕಳ್ಳ! ಹೆಸರು ಸಿಕ್ಕಿದ್ರೆ ಬ್ಯಾಂಕಿಂದ ಎಲ್ಲಾ ಬಳ್ಕೊಂಡು ಹೋಗ್ತಿದ್ದ." ಹಿಂದಿನಿಂದ ಅವಳ ಅಪ್ಪ, ಎಂದರೆ ನನ್ನ ದೊಡ್ಡ ಮಗ, ಗುಡುಗಿದ: "ಆ ಸಾಫ್ಟ್‌ವೇರನ್ನೇ ಕಿತ್ತು ಬಿಸಾಕು!"

ಕಿತ್ತರೆ ಮೇಘನಾಳ ಬಾಣ ಬರುವುದೂ ನಿಲ್ಲುತ್ತದೆ. ಅವಳೇ ಟ್ರಾಫಿಕ್ಕಿನಲ್ಲಿ ಬರಬೇಕೆಂದರೆ ಅಷ್ಟರಲ್ಲಿ ನನ್ನ ಹುಳಿ ಹಳಸುತ್ತದೆ. ಮಗನ ಎದುರು ವಾದ ಮಾಡದ ನಾನು ಅವತ್ತು ಮಾಡಿದೆ. ನಮ್ಮೂರಿನಲ್ಲಿ ಯಾರದಾದರೂ ಮೈಮೇಲೆ ಬಂದರೆ, ಬಂದದ್ದು ದೇವರೋ ದೆವ್ವವೋ ನೋಟಕ್ಕೆ ತಿಳಿಯುತ್ತಿರಲಿಲ್ಲ. ಎರಡೂ ಕುಣಿಸುವುದು ಅದೇ ಕೈಕಾಲನ್ನು. ಹಿರಿಯರು ಮೈಯನ್ನು ಬೈಯುತ್ತಿರಲಿಲ್ಲ, "ಯಾರು ನೀನು? ಯಾರು ಕರೆದರೆಂದು ಬಂದೆ?" ಎಂದು ಕೇಳುತ್ತಿದ್ದರು. ಮೇಘನಾ ನಾನು ಕರೆದರೆ ಬರುವವಳು, ಅವನು ಕರೆಯದೆ ಬಂದವನು. ಮಾರಮ್ಮನ ಗುಡಿಯ ಮುಂದೆ ಕಲಿತ ಈ ಪಾಠವನ್ನು ಒಗ್ಗರಣೆಯ ಗಡಿಬಿಡಿಯಲ್ಲಿ ಮರೆತದ್ದು ನನ್ನ ತಪ್ಪು, ಸಾಫ್ಟ್‌ವೇರಿನದಲ್ಲ.

ಮಗ ಒಪ್ಪಿದ. ಇನ್ನು ಮೇಲೆ ಮೇಘನಾ ಹೊರಗಿನಿಂದ ಬಾಗಿಲು ತಟ್ಟಬೇಕು, ನಾನು ಒಪ್ಪಿಗೆ ಒತ್ತಿದರೆ ಮಾತ್ರ ಒಳಗೆ ಎಂದಾಯಿತು. ಕಂಪ್ಯೂಟರಿಗೂ ನನ್ನೊಬ್ಬಳಿಗೇ ಗೊತ್ತಿರುವ ಹೊಸ ಪಾಸ್‌ವರ್ಡ್ ಬೇಕಾಯಿತು.

"ತಾತನ್ನ ಏನಂತ ಕರೀತಿದ್ದೆ ಅಜ್ಜಿ? ಅದನ್ನೇ ಹಾಕ್ಕೋ."

"ರೀ ಅಂತ."

"ಅಷ್ಟೇನಾ? ಎಂಟು ಅಕ್ಷರನಾದ್ರೂ ಬೇಕಂತೆ."

ನಲವತ್ತು ವರ್ಷದ ಸಂಸಾರಕ್ಕೆ ಒಂದೇ ಅಕ್ಷರ ಸಾಕಾಗಿತ್ತು, ಕಂಪ್ಯೂಟರಿಗೆ ಎಂಟು ಬೇಕಂತೆ! ಫೋನಿಟ್ಟು, ಸೆರಗು ಸರಿಮಾಡಿಕೊಂಡು, ನಾನೇ ಕೂತು ಕುಟ್ಟಿದೆ. ರೀ, ರೀ, ರೀ... ಪೇಪರಿನಲ್ಲಿ ಮುಳುಗಿದ ನಿಮ್ಮ ತಾತ ಎಷ್ಟು ಸಲ ಕರೆದರೆ ತಲೆಯೆತ್ತುತ್ತಿದ್ದರೋ ಅಷ್ಟು ಸಲ. ಅರ್ಧ ಗುಟ್ಟು ನಿಮಗೆ ಹೇಳಿಬಿಟ್ಟೆನಲ್ಲವೇ? ಇರಲಿ. ಎಷ್ಟು ಸಲ ಎಂಬುದು ನನ್ನನ್ನೂ ಅವರನ್ನೂ ಬಿಟ್ಟು ಇನ್ನಾರಿಗೂ ಗೊತ್ತಿಲ್ಲ. ಅವರ ಲೆಕ್ಕವನ್ನೂ ನಂಬುವ ಹಾಗಿಲ್ಲ, ಮೂರನೆಯ ಸಲದವರೆಗೆ ಕೇಳಿಸಿಯೇ ಇಲ್ಲ ಎನ್ನುತ್ತಿದ್ದರು.