ಬಿರುಕು ಬಿಡದ ಕಾಂಕ್ರೀಟು

ಮಿನೆಸೋಟಾದ ಹೆದ್ದಾರಿಯಲ್ಲಿ ಪರೀಕ್ಷೆಗೆಂದೇ ಹಾಕಿದ ಕಾಂಕ್ರೀಟು ತುಂಡುಗಳಲ್ಲಿ ಏಳನೆಯದು ಮೇಸ್ತ್ರಿ ಓರ್ವಿಲ್‌ನ ಕೈಕೆಲಸ, ಎಂಟನೆಯದು ಅವನ ಗೆಳೆಯ ಹಾಲ್ವರ್‌ನದು. ಇಪ್ಪತ್ತೆಂಟು ವರ್ಷಗಳಿಂದ ಹಿಮ ಕರಗಿದ ಮೇಲೆ ಅಳತೆಯವರು ಬಂದು ಬಿರುಕುಗಳನ್ನು ಬರೆದುಕೊಳ್ಳುತ್ತಿದ್ದರು. ಓರ್ವಿಲ್ ಕಾಫಿ ಫ್ಲಾಸ್ಕು ಹಿಡಿದು ಬೇಲಿಯಾಚೆ ಹಾಜರ್.

"ಎಂಟಕ್ಕೆ ಏನಾದ್ರೂ ಆಯ್ತೇನಮ್ಮ?" ಎಂದು ಅಳತೆಯ ಹುಡುಗಿಯನ್ನು ಕೇಳುತ್ತಿದ್ದ.

"ಒಂದು ಗೆರೆನೂ ಇಲ್ಲ ತಾತ. ನಿಮ್ಮ ಏಳಕ್ಕೆ ಮಾತ್ರ ಇನ್ನೂ ಮೂರು!"

"ಏನೋ ನನ್ನ ಅದೃಷ್ಟ ಕಣೋ," ಎಂದು ಹಾಲ್ವರ್ ಸಂಕೋಚದಿಂದ ನಕ್ಕಾಗಲೆಲ್ಲ ಓರ್ವಿಲ್‌ನ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಹೋದ ಬೇಸಿಗೆಯಲ್ಲಿ ಹಾಲ್ವರ್ ತೀರಿಕೊಂಡ. ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಕಾಫಿ ಕೊಡುವಾಗ ಅವನ ಹೆಂಡತಿ ಇಂಗಾ ಹೇಳಿದಳು:

"ಸಮಾಧಿ ಕಲ್ಲಿಗೆ ಕಾಂಕ್ರೀಟು ಪೀಠ ನೀನೇ ಹಾಕ್ಬೇಕಂತೆ ಓರ್ವಿಲ್. ಬೇರೆ ಯಾರ ಕೈಯೂ ಬೇಡ ಅಂದಿದ್ರು."

ಈಗ ತೋರಿಸುತ್ತೇನೆ ಎಂದು ಓರ್ವಿಲ್ ಹಠಕ್ಕೆ ಬಿದ್ದ. ಒಂದು ಹನಿ ನೀರೂ ಹೆಚ್ಚಾಗದಂತೆ ಕಲಸಿದ, ಏಳು ದಿನ ಒದ್ದೆ ಗೋಣಿ ಹೊದಿಸಿ ಕಾದ.

ಚಳಿಗಾಲ ಕಳೆದ ಮೇಲೆ ಹೋಗಿ, ಮಂಡಿಯೂರಿ, ಅಂಗೈಯಿಂದ ಸವರಿ ನೋಡಿದ. ಒಂದು ಗೆರೆಯೂ ಇಲ್ಲ! ಹಿಗ್ಗಿನಿಂದ ತಲೆಯೆತ್ತಿದ.

ಅವನ ಜೀವಮಾನದ ಒಂದೇ ಒಂದು ಬಿರುಕಿಲ್ಲದ ಕೆಲಸದ ಮೇಲೆ ದಪ್ಪಕ್ಷರದಲ್ಲಿ ಹಾಲ್ವರ್‌ನ ಹೆಸರಿತ್ತು.