ಕುದಿಸಿದ ವೈನು

ಬ್ಯಾಡಗಿಯ ನಮ್ಮ ಮನೆಯಲ್ಲಿ ಖಾರಪುಡಿಗೆ ಮೆಣಸಿನಕಾಯಿ ಕೂಡಿಸುವವಳು ನನ್ನ ಹೆಂಡತಿ. ಬಣ್ಣಕ್ಕೆ ನಮ್ಮೂರ ಸುಕ್ಕು ಕಾಯಿ, ಉರಿಗೆ ಹೊರಗಿನದು. ಅಳತೆಯೆಲ್ಲ ಅವಳ ನಾಲಿಗೆಯಲ್ಲಿತ್ತು. ಎರಡನೇ ಮಹಾಯುದ್ಧ ಶುರುವಾದ ವರ್ಷ ಅವಳಿಗೆ ಕ್ಷಯ ತಗುಲಿತು. ಹಾವೇರಿಯ ಡಾಕ್ಟರು ಬೇರೇನೂ ತೋಚದೆ, ರಕ್ತಕ್ಕೆ ಒಳ್ಳೆಯದೆಂದು ಕೆಂಪು ವೈನು ಹೇಳಿದರು. ರಾಣೆಬೆನ್ನೂರಿನ ಹತ್ತಿ ವ್ಯಾಪಾರದ ಸಾಹೇಬನೊಬ್ಬ ತನ್ನಲ್ಲಿ ಉಳಿದಿದ್ದ ಒಂದೇ ಬಾಟಲಿ ಕೊಟ್ಟ. ಫ್ರಾನ್ಸಿನ ಬೋರ್ಡೋ ಸೀಮೆಯದು.

ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಅವಳು ಕಣ್ಣು ಮುಚ್ಚಿದಳು.

"ಇದು ಒಂದೇ ಜಾತಿ ದ್ರಾಕ್ಷಿದಲ್ಲರಿ. ಒಗರಿಗೆ ಒಂದು, ಮೆತ್ತಗಾಗಲಿ ಅಂತ ಇನ್ನೊಂದು ಕೂಡಿಸ್ಯಾರ. ಯಾವುದೂ ಹೆಚ್ಚಾಗಿಲ್ಲ. ಕೂಡಿಸಿದವರ ಕೈ ಚಲೋ ಅದ."

ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಗೆಲುವು ಕಂಡೆ.

ರೋಗಿಗೆ ತಣ್ಣಗಿನದು ಆಗದೆಂದು ಮರುದಿನ ನನ್ನ ಅವ್ವ ಉಳಿದದ್ದನ್ನೆಲ್ಲ ಶುಂಠಿ, ಬೆಲ್ಲ ಹಾಕಿ ಕುದಿಸಿ ಕಷಾಯ ಮಾಡಿಬಿಟ್ಟಳು. ಅವ್ವನ ವೈದ್ಯಕ್ಕೆ ಎದುರಾಡುವವರು ನಮ್ಮ ಮನೆಯಲ್ಲಿ ಹುಟ್ಟಿರಲಿಲ್ಲ. ಹೆಂಡತಿ ಕುಡಿದಳು. "ಬೆಲ್ಲದ ರುಚಿ ಒಂದೇ ಅದರಿ," ಎಂದು ಲೋಟ ಕೆಳಗಿಟ್ಟಳು. ಆ ಯುದ್ಧದಲ್ಲಿ ಇನ್ನೊಂದು ಬಾಟಲಿ ಎಲ್ಲಿಂದ ತರುವುದು?

ಬೇಸಿಗೆಯಲ್ಲಿ ಖಾರ ಕುಟ್ಟಿಸುವ ಹೊತ್ತಿಗೆ ಅವಳಿರಲಿಲ್ಲ. ಅವ್ವನೇ ಕಾಯಿ ಕೂಡಿಸಿದಳು. ಆ ವರ್ಷದ ಪುಡಿ ಬರೀ ಕೆಂಪಗಿತ್ತು.