ಒಂದು ಚಕ್ರದಷ್ಟು ಇಳಿಜಾರು

ದಿನಾ ಸಾಯಂಕಾಲ ಸ್ವಲ್ಪ ಹೊತ್ತು ನಡೆಯಬೇಕು ಎಂದು ಡಾಕ್ಟರು ಹೇಳಿದಾಗ ಆದಿಲಕ್ಷ್ಮಮ್ಮನಿಗೆ ನಗು ಬಂತು. ಸಕ್ಕರೆ ಕಾಯಿಲೆ ಪಾದಕ್ಕೆ ಇಳಿದಿದೆ, ಅದಕ್ಕೇ ಅಂಗಾಲು ಜೋಮು ಹಿಡಿದ ಹಾಗಿರುತ್ತದೆ ಎಂದು ಅವರು ಆಗತಾನೇ ವಿವರಿಸಿದ್ದರು.

“ನಡೀತಾನೇ ಇರ್ತೀನಿ ಸಾರ್. ಬೆಳಗ್ಗೆ ಎದ್ರೆ ಹಾಲಿಗೆ, ನೀರಿಗೆ, ರೇಷನ್ನಿಗೆ. ಸಾಯಂಕಾಲ ಆದ್ರೆ ನಮ್ಮೆಜಮಾನ್ರನ್ನ ಗಾಡೀಲಿ ಕೂರಿಸ್ಕೊಂಡು ಬಸ್ ಸ್ಟ್ಯಾಂಡ್ ತನಕ ತಳ್ತೀನಿ.”

“ಅದು ಕೆಲ್ಸ ಕಣಮ್ಮ. ನಾನು ಹೇಳಿದ್ದು ವಾಕಿಂಗು. ಕೈ ಬೀಸ್ಕೊಂಡು ನಡೀಬೇಕು. ಕೈಯಲ್ಲಿ ಏನೂ ಇರಬಾರ್ದು.”

ಮುಳಬಾಗಿಲಿನ ಆ ಕ್ಲಿನಿಕ್ಕಿನಿಂದ ಮನೆಗೆ ಬರುವಾಗಲೂ ಅವಳ ಒಂದು ಕೈಯಲ್ಲಿ ಮಾತ್ರೆಯ ಪೊಟ್ಟಣ, ಇನ್ನೊಂದು ಕೈಯಲ್ಲಿ ಸೊಪ್ಪಿನ ಚೀಲ ಇತ್ತು. ಬರಿಗೈಯಲ್ಲಿ ತಾನು ನಡೆದದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳುತ್ತಾ ಬಂದಳು. ಹುಟ್ಟಿದ ಊರು ಯಲ್ದೂರು. ಅಲ್ಲಿ ಚಿಕ್ಕಂದಿನಲ್ಲಿ ಮಾವಿನ ತೋಪಿನಿಂದ ಉದುರುಗಾಯಿ ತರುವಾಗ ತಲೆಯ ಮೇಲೆ ಮಂಕರಿ, ಸೊಂಟದಲ್ಲಿ ತಮ್ಮ. ಮದುವೆಯಾಗಿ ಮುಳಬಾಗಿಲಿಗೆ ಬಂದ ಮೇಲೆ ನೀರಿನ ಬಿಂದಿಗೆ. ಆಮೇಲೆ ಗಂಡನ ಊಟದ ಕ್ಯಾರಿಯರ್ರು. ಶ್ರೀನಿವಾಸಪ್ಪ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿದ್ದ. ಬಂದ ಬಸ್ಸಿನ ಹೊತ್ತು ಬರೆದುಕೊಂಡು, ವಿಷಲ್ ಊದಿ ಹೊರಡಿಸುವ ಕೆಲಸ. ಅವನಿಗೆ ಮುದ್ದೆ ಬಿಸಿಯಾಗಿಯೇ ಇರಬೇಕಿತ್ತು. ಹಾಗಾಗಿ ಮಟಮಟ ಮಧ್ಯಾಹ್ನ, ಕಂಕುಳಲ್ಲಿ ಮಗಳು ಚಂದನಾ, ಕೈಯಲ್ಲಿ ಕ್ಯಾರಿಯರ್ರು. ಬರಿಗೈಯಲ್ಲಿ ಹೋದದ್ದು ಒಂದೇ ಸಲ: ಅಮ್ಮ ಸತ್ತ ಸುದ್ದಿ ಬಂದ ದಿನ. ಯಲ್ದೂರಿನಲ್ಲಿ ಬಸ್ಸಿಳಿದು ಓಡುವಾಗ ಕೈಯಲ್ಲಿ ಏನೂ ಇರಲಿಲ್ಲ. ಆದರೆ ಅದು ನಡೆದದ್ದಲ್ಲ, ಓಡಿದ್ದು.

ಶ್ರೀನಿವಾಸಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಮಾಲೂರಿನಿಂದ ಅಳಿಯ ವೀಲ್‌ಚೇರು ತಂದುಕೊಟ್ಟ. ಮನೆಯಲ್ಲಿ ಅದಕ್ಕೆ ಗಾಡಿ ಎಂದೇ ಹೆಸರಾಯಿತು. ಮೊದಮೊದಲು ಅದರ ಮುಖವನ್ನೇ ನೋಡದ ಶ್ರೀನಿವಾಸಪ್ಪ ಬರುಬರುತ್ತಾ ಎಡಗಾಲನ್ನು ನೆಲಕ್ಕೆ ಒತ್ತಿ, ಎಡಗೈಯಲ್ಲಿ ಚಕ್ರ ತಿರುಗಿಸುತ್ತಾ ಹೋಗುವುದನ್ನು ಕಲಿತ. ಮನೆಯಿಂದ ಗಲ್ಲಿಯ ತುದಿಯವರೆಗೆ ಕಾಂಕ್ರೀಟು ಸಮವಾಗಿತ್ತು. ಅಲ್ಲಿಯವರೆಗೆ ಅವನು ಯಾರ ಹಂಗೂ ಇಲ್ಲದೆ ಹೋಗುತ್ತಿದ್ದ. ಅದರಾಚೆ ದೊಡ್ಡ ರಸ್ತೆ. ರಸ್ತೆ ಅಗಲ ಮಾಡಿದವರು ಅದನ್ನು ಎತ್ತರವೂ ಮಾಡಿದ್ದರು. ಹೊಸ ಚರಂಡಿ ಕಟ್ಟಿ ಮೇಲೆ ಸ್ಲ್ಯಾಬು ಹಾಕಿದಾಗ ಅದು ಗಲ್ಲಿಯ ನೆಲಕ್ಕಿಂತ ಒಂದು ಗೇಣು ಮೇಲೆ ನಿಂತಿತು. ಜನ ನಡೆಯಲಿ ಎಂದು ಮಾಡಿದ್ದ ಆ ಸ್ಲ್ಯಾಬಿನ ಮೇಲೆ ಹತ್ತುವುದಕ್ಕೆ ಗಲ್ಲಿಯವರು ಮೊಣಕಾಲಿಗೆ ಕೈ ಊರಬೇಕಿತ್ತು.

ಬೈಕುಗಳು ಹತ್ತದಾದಾಗ ಗಲ್ಲಿಯ ಗಂಡಸರು ಸೇರಿಕೊಂಡರು. ಒಂದು ಭಾನುವಾರ ಕದಿರೇಶ ಮೇಸ್ತ್ರಿ ಬಂದು ಸಿಮೆಂಟು ಕಲಸಿದ. ಸ್ಲ್ಯಾಬಿನ ಒಂದು ಮೂಲೆಗೆ ಇಳಿಜಾರು ಹಾಕಿದ. ಬೈಕಿನ ಚಕ್ರ ಹತ್ತಬೇಕಲ್ಲ, ಅಷ್ಟೇ ಅಗಲ. ಆದಿಲಕ್ಷ್ಮಮ್ಮ ಒಲೆಯ ಮೇಲಿನ ಸಾರನ್ನು ಹಾಗೇ ಬಿಟ್ಟು ಗಲ್ಲಿಯ ತುದಿಗೆ ಬಂದಳು. ಶ್ರೀನಿವಾಸಪ್ಪನೂ ಗಾಡಿಯಲ್ಲಿ ಅಲ್ಲೇ ಕುಳಿತು ಕೆಲಸ ನೋಡುತ್ತಿದ್ದ.

“ಕದಿರೇಶಪ್ಪ, ಆ ಕಡೆಗೂ ಒಂದು ಹಂಗೇ ಹಾಕ್ಬಿಡು,” ಎಂದಳು. “ಗಾಡಿಗೆ ಎರಡು ಚಕ್ರ ಅಕ್ಕಪಕ್ಕ ಇರ್ತವೆ. ಒಂದು ಹತ್ತಿದ್ರೆ ಇನ್ನೊಂದು ಗಾಳೀಲಿ ನಿಂತ್ಕೊಳ್ತದೆ.”

ಕದಿರೇಶ ಸಿಮೆಂಟಿನ ಬಾಂಡ್ಲಿಯ ಕಡೆ ನೋಡಿದ. “ಮಾಲು ಐತೆ ಅಕ್ಕ. ಹಾಕ್ಬೋದು.”

ಗಲ್ಲಿಯ ಅಮರನಾಥ್, ಟೊಮೆಟೊ ವ್ಯಾಪಾರದ ಹುಡುಗ, ಬೈಕಿನ ಮೇಲೆ ಕುಳಿತವನು, “ಹಾಕ್ಲಿ ಬಿಡಿ. ಶೀನಣ್ಣಂಗೂ ಒಂದು ರೋಡಾಯ್ತು,” ಎಂದು ನಕ್ಕ. ಅವನ ಜೊತೆಯವರೂ ನಕ್ಕರು. ಅದು ಕೆಟ್ಟ ನಗುವೇನೂ ಅಲ್ಲ. ಆದರೆ ಶ್ರೀನಿವಾಸಪ್ಪನ ಮುಖ ಕೆಂಪಗಾಯಿತು. ಒಂದು ಕಾಲದಲ್ಲಿ ಅವನು ವಿಷಲ್ ಊದಿದರೆ ಇಡೀ ಬಸ್ಸು ಕದಲುತ್ತಿತ್ತು. ಈಗ ಊರವರು ಹೋಗಿಬರುವ ದಾರಿಯಲ್ಲಿ ಕುಂಟನಿಗೆಂದು ಒಂದು ಗುರುತು ಬೀಳುವುದು ಅವನಿಗೆ ಬೇಕಿರಲಿಲ್ಲ.

“ಬೇಡ ಬಿಡಪ್ಪ,” ಎಂದ. “ನಮ್ಮೋಳು ಹೆಂಗೋ ಎತ್ತುತಾಳೆ.”

ಮಾತು ಅಲ್ಲಿಗೆ ಮುಗಿಯಿತು. ಮಿಕ್ಕ ಸಿಮೆಂಟನ್ನು ಕದಿರೇಶ ಅಮರನಾಥನ ಮನೆಯ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಮೆತ್ತಿದ. ಆದಿಲಕ್ಷ್ಮಮ್ಮ ಮನೆಗೆ ಬಂದಾಗ ಸಾರು ಉಕ್ಕಿ ಒಲೆ ಆರಿಹೋಗಿತ್ತು.

ಹೆಂಗೋ ಎತ್ತುವುದು ಎಂದರೆ ಹೀಗೆ. ಗಾಡಿಯನ್ನು ತಿರುಗಿಸಿ ಬೆನ್ನು ರಸ್ತೆಯ ಕಡೆಗೆ ಮಾಡಬೇಕು. ತಾನು ಮೊದಲು ಸ್ಲ್ಯಾಬು ಹತ್ತಬೇಕು. ಹಿಮ್ಮಡಿ ಊರಿ, ಸೆರಗು ಸೊಂಟಕ್ಕೆ ಸಿಗಿಸಿ, ಹಿಡಿ ಹಿಡಿದು ಜಗ್ಗಬೇಕು. ಹಿಂದಿನ ಚಕ್ರ ಅಂಚಿಗೆ ಬಂದಾಗ ಉಸಿರು ಬಿಗಿಹಿಡಿದು ಇನ್ನೊಂದು ಸಲ. ಅಷ್ಟರಲ್ಲಿ ಬೈಕುಗಳು ಹಿಂದೆ ನಿಂತು ಹಾರನ್ ಹೊಡೆಯುತ್ತಿದ್ದವು. ಯಾರಾದರೂ ಹುಡುಗರಿದ್ದರೆ ಕೈ ಕೊಡುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಬಸ್ ಸ್ಟ್ಯಾಂಡಿನ ಪಕ್ಕದ ಟೀ ಹೋಟೆಲಿನ ಮುಂದೆ ಹಳೇ ಡ್ರೈವರುಗಳು, ಕಂಡಕ್ಟರುಗಳು ಅವನಿಗಾಗಿ ಜಾಗ ಬಿಟ್ಟು ಕಾಯುತ್ತಿದ್ದರು. ಅವನನ್ನು ಅಲ್ಲಿ ನಿಲ್ಲಿಸಿ ಅವಳು ವಾಪಸು ಬರುತ್ತಿದ್ದಳು. ಅಲ್ಲಿ ಹೆಂಗಸರು ಕೂರುತ್ತಿರಲಿಲ್ಲ, ಕೂರುವಷ್ಟು ಪುರುಸೊತ್ತೂ ಅವಳಿಗಿರಲಿಲ್ಲ. ಮುದ್ದೆ ತೊಳಸಿ, ಪಾತ್ರೆ ತೊಳೆದು, ಮತ್ತೆ ಹೋಗಿ ಕರೆತರಬೇಕಿತ್ತು.

ಎದುರು ಮನೆಯ ಮುನ್ನೀ ಬೀ ಬಾಗಿಲಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಿದ್ದಳು. ಗಂಡ ಸತ್ತು ಎಷ್ಟೋ ವರ್ಷ. ಕತ್ತು ಬಗ್ಗಿಸಿಕೊಂಡೇ ಗಲ್ಲಿಯ ಎಲ್ಲವನ್ನೂ ನೋಡುವವಳು.

“ಆ ಸ್ಲೋಪ್ ಒಂದು ಅಗಲ ಇದ್ದಿದ್ರೆ ನಿನ್ ಸಾಯಂಕಾಲ ನಿಂಗೇ ಇರ್ತಿತ್ತಲ್ಲ ಅಕ್ಕ,” ಎಂದಳು ಒಂದು ದಿನ. “ಅಣ್ಣ ಅವರ ಪಾಡಿಗೆ ಹೋಗ್ಬಿಟ್ಟು ಬರ್ತಿದ್ರು. ನೀನು ಏನ್ ಮಾಡ್ತಿದ್ದೆ?”

“ವಾಕಿಂಗ್ ಹೋಗ್ತಿದ್ದೆ.”

“ಎಲ್ಲಿಗೆ?”

“ಎಲ್ಲಿಗೂ ಇಲ್ಲ. ಕೆರೆ ಕಡೆ. ಸುಮ್ನೆ, ಕೈ ಬೀಸ್ಕೊಂಡು.”

ಮುನ್ನೀ ಬೀ ಹಲ್ಲಿನಲ್ಲಿ ದಾರ ಕಡಿದಳು. “ಸುಮ್ನೆ ಹೋದ್ರೆ ಬಿಡ್ತಾರಾ ನಮ್ ಜನ? ಎಲ್ಲಿಗೆ, ಯಾಕೆ, ಯಾರ್ ಹತ್ರ ಅಂತ ಕೇಳ್ತಾರೆ. ಒಂದು ಚೀಲ ಹಿಡ್ಕೊಂಡು ಹೋಗು. ಚೀಲ ಇದ್ರೆ ಯಾರೂ ಕೇಳಲ್ಲ.”

“ಚೀಲ ಹಿಡ್ಕೊಂಡ್ರೆ ಕೈ ಬೀಸೋದು ಹೆಂಗೆ?”

“ಖಾಲಿ ಚೀಲ ಕಣಕ್ಕ. ಅದ್ರ ಜೊತೆಗೇ ಬೀಸು.”

ಇಬ್ಬರೂ ನಕ್ಕರು. ಆ ಮಾತು ಆದಿಲಕ್ಷ್ಮಮ್ಮನ ಮನಸ್ಸಿನಲ್ಲಿ ಕೂತುಬಿಟ್ಟಿತು. ಗಾಡಿ ಜಗ್ಗುವಾಗೆಲ್ಲ ಅವಳು ಕೆರೆಯ ಏರಿಯನ್ನು ನೆನೆಯುತ್ತಿದ್ದಳು. ಮತ್ತೆರಡು ಸಲ ಕದಿರೇಶನನ್ನು ಕೇಳಿದಳು. ಆ ಕಡೆ ಕೆಲಸ ಬಂದಾಗ ಹಾಕಿಕೊಡುತ್ತೇನೆ ಎಂದ ಅವನು. ಬರಲಿಲ್ಲ. ವಾರ್ಡಿನ ಮೆಂಬರು ರಸ್ತೆಯಲ್ಲಿ ಸಿಕ್ಕಾಗ ಅವರನ್ನೂ ನಿಲ್ಲಿಸಿ ಕೇಳಿದಳು. “ಅಲ್ಲಿ ಆಗ್ಲೇ ಸ್ಲೋಪ್ ಐತಲ್ಲಮ್ಮ,” ಎಂದರು ಅವರು.

ಸ್ಲ್ಯಾಬು ಹಾಕಿದವರು ರಸ್ತೆಯ ಕಡೆಯ ಅಂಚಿನಲ್ಲಿ ಒಂದು ಕಬ್ಬಿಣದ ಕಂಬಿಯನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದರು. ಬೆರಳುದ್ದ ಇತ್ತು. ಗಲ್ಲಿಯವರಿಗೆಲ್ಲ ಅದು ಗೊತ್ತಿತ್ತು, ಎಲ್ಲರೂ ದಾಟಿಕೊಂಡು ಹೋಗುತ್ತಿದ್ದರು. ಆದರೆ ಅವರೆಲ್ಲ ಮುಖ ಮುಂದೆ ಮಾಡಿ ನಡೆಯುವವರು. ಹಿಂದು ಹಿಂದಕ್ಕೆ ಹೋಗುತ್ತಿದ್ದವಳು ಅವಳೊಬ್ಬಳೇ.

ಅವತ್ತು ಕಂಬಿ ಅವಳ ಹಿಮ್ಮಡಿಗೆ ಇಳಿಯಿತು. ಸವೆದ ಹವಾಯಿ ಚಪ್ಪಲಿಯ ಅಂಚು ಸೀಳಿ ಒಳಗೆ ಹೋದದ್ದು ಅವಳಿಗೆ ತಿಳಿಯಲಿಲ್ಲ. ಗಾಡಿ ಎಂದಿನಂತೆ ಮೇಲೆ ಬಂತು. ಟೀ ಹೋಟೆಲಿಗೆ ಹೋದಳು, ವಾಪಸು ಬಂದಳು.

“ಅಕ್ಕ, ನಿಲ್ಲು,” ಎಂದಳು ಮುನ್ನೀ ಬೀ, ಮಿಷನ್ ನಿಲ್ಲಿಸಿ. “ಹಿಂದೆ ನೋಡು.”

ಕಾಂಕ್ರೀಟಿನ ಮೇಲೆ ಗಲ್ಲಿಯ ತುದಿಯಿಂದ ಅವಳ ಮನೆಯವರೆಗೆ ಎಡ ಹಿಮ್ಮಡಿಯ ಗುರುತು ಕೆಂಪಗೆ ಬಿದ್ದಿತ್ತು.

“ನೋವಾಗ್ಲಿಲ್ವಾ?”

“ಇಲ್ಲ ಕಣೇ,” ಎಂದಳು ಆದಿಲಕ್ಷ್ಮಮ್ಮ. ಅದೇ ಅವಳಿಗೆ ಭಯ ತಂದದ್ದು. ನೋವಾಗಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲ.

ಮುನ್ನೀ ಬೀ ಅರಿಶಿನ ಒತ್ತಿ ಬಟ್ಟೆ ಕಟ್ಟಿದಳು. ಡಾಕ್ಟರ ಹತ್ತಿರ ಹೋಗು ಎಂದು ಗದರಿದಳು. ಮಾರನೆಯ ದಿನ ನೀರು ಬರುವ ದಿನ, ಡ್ರಮ್ಮು ತುಂಬಿಸಬೇಕಿತ್ತು. ಅದರ ಮಾರನೆಯ ದಿನ ಶ್ರೀನಿವಾಸಪ್ಪನಿಗೆ ಹೊಟ್ಟೆ ಕೆಟ್ಟು ಹಾಸಿಗೆ ಒಗೆಯುವುದಿತ್ತು. ನೋವಿಲ್ಲದ ಗಾಯಕ್ಕೆ ರಜೆ ಕೇಳುವುದು ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ. ಸಾಯಂಕಾಲ ಒಂದು ಸಲ, “ಇವತ್ತು ಬ್ಯಾಡ್ವೇನೋ, ಕಾಲು ಯಾಕೋ ಭಾರ ಆಗೈತೆ,” ಎಂದಳು. ಶ್ರೀನಿವಾಸಪ್ಪ ಆಗಲೇ ಅಂಗಿ ಹಾಕಿಕೊಂಡು, ಎಡಗೈಯಲ್ಲೇ ತಲೆ ಬಾಚಿಕೊಂಡು ಕುಳಿತಿದ್ದ. ಅವನೇನೂ ಬಯ್ಯಲಿಲ್ಲ. “ಆಯ್ತು ಬಿಡು. ಅಲ್ಲಿ ಕಾಯ್ತಿರ್ತಾರೆ, ಪರ್ವಾಗಿಲ್ಲ,” ಎಂದು ಬಾಗಿಲ ಕಡೆ ನೋಡುತ್ತಾ ಕುಳಿತ. ಅವನು ಹಾಗೆ ಕುಳಿತದ್ದನ್ನು ನೋಡಲಾರದೆ ಅವಳೇ ಎದ್ದು ಗಾಡಿ ತಿರುಗಿಸಿದಳು.

ಜ್ವರ ಬಂದು, ಕಟ್ಟಿದ ಬಟ್ಟೆಯಿಂದ ವಾಸನೆ ಏಳತೊಡಗಿದ ಮೇಲೆ ಮುನ್ನೀ ಬೀಯೇ ಚಂದನಾಗೆ ಫೋನ್ ಮಾಡಿದಳು. ಚಂದನಾ ಮಾಲೂರಿನಿಂದ ಬಂದು ಅಮ್ಮನನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿದಳು. ತಡವಾಗಿತ್ತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಅವಳಿಲ್ಲದ ದಿನಗಳಲ್ಲಿ ಶ್ರೀನಿವಾಸಪ್ಪನ ಸಾಯಂಕಾಲಗಳು ನಿಲ್ಲಲಿಲ್ಲ. ಅಮರನಾಥ್ ಅವನನ್ನು ಬೈಕಿನಲ್ಲಿ ಮಧ್ಯೆ ಕೂರಿಸಿ ಹಿಂದೊಬ್ಬನನ್ನು ಹತ್ತಿಸಿಕೊಂಡು ಟೀ ಹೋಟೆಲಿಗೆ ಬಿಡುತ್ತಿದ್ದ. ಅಮರನಾಥ್ ಊರಲ್ಲಿಲ್ಲದ ದಿನ ಸ್ನೇಹಿತರೇ ಫ್ಲಾಸ್ಕಿನಲ್ಲಿ ಟೀ ತಂದು ಮನೆಯ ಮುಂದೆ ಕುಳಿತು ಮಾತಾಡಿ ಹೋಗುತ್ತಿದ್ದರು. ಹೀಗೂ ಆಗಬಹುದಿತ್ತು ಎಂಬುದು ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಆದಿಲಕ್ಷ್ಮಮ್ಮನಿಗೆ ಚಂದನಾ ಹೇಳಿದಾಗಲೇ ತಿಳಿದದ್ದು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಮನೆಗೆ ಕರೆತಂದ ದಿನ ಆಟೋ ಗಲ್ಲಿಯ ತುದಿಯಲ್ಲಿ ನಿಲ್ಲಲಿಲ್ಲ, ನೇರ ಒಳಗೆ ಇಳಿಯಿತು. ಕುಲುಕೂ ಇಲ್ಲ. ಅವಳು ಬಗ್ಗಿ ನೋಡಿದಳು. ಸ್ಲ್ಯಾಬಿನ ಉದ್ದಕ್ಕೂ ಅಗಲವಾದ, ನುಣ್ಣನೆಯ ಇಳಿಜಾರು. ಕಂಬಿಯನ್ನೂ ಕತ್ತರಿಸಿದ್ದರು.

ಅಮರನಾಥ್ ಬಂದು ಆಟೋದ ಬಾಗಿಲಲ್ಲಿ ನಿಂತ. ಅವನ ಮನೆಯ ಮುಂದೆ ಹೂವಿನ ಹಾರ ಒಣಗಿದ್ದ ಹೊಸ ಲಗೇಜ್ ಗಾಡಿ ನಿಂತಿತ್ತು. “ಲಗೇಜ್ ಗಾಡಿ ತಗೊಂಡೆ ಆದಿಲಕ್ಷ್ಮಕ್ಕ. ಒಳಗೆ ಬರಬೇಕಲ್ಲ. ಕದಿರೇಶನ್ನ ಕರ್ಸಿ ಮಧ್ಯಾಹ್ನದೊಳಗೆ ಮುಗಿಸ್ಬಿಟ್ಟೆ. ಇನ್ಮೇಲೆ ಶೀನಣ್ಣ ರಾಜನ ಥರ ಹೋಗ್ಬೋದು, ನೋಡ್ರಿ.”

“ಒಳ್ಳೇದಾಯ್ತಪ್ಪ,” ಎಂದಳು ಅವಳು.

ಮನೆಯಲ್ಲಿ ಗಾಡಿ ಒಂದೇ. ಇನ್ನೊಂದನ್ನು ಮುಂದೆ ನೋಡೋಣ ಎಂದಳು ಚಂದನಾ. ಅವಳ ಅತ್ತೆಮನೆಯಿಂದ ಫೋನು ಬರುತ್ತಲೇ ಇತ್ತು, ಮಾಲೂರಿಗೆ ಹೊರಟಳು. ಹಗಲಲ್ಲಿ ಆದಿಲಕ್ಷ್ಮಮ್ಮ ಗಾಡಿಯಲ್ಲಿ ಕುಳಿತರೂ ಅಡುಗೆಮನೆಯ ಹೊಸ್ತಿಲು ದಾಟಲಾಗುತ್ತಿರಲಿಲ್ಲ. ಹಾಗಾಗಿ ಅಲ್ಲಿ ಇಳಿದು, ಸ್ಟೋವನ್ನು ನೆಲದ ಮೇಲೆ ಇರಿಸಿಕೊಂಡು, ಕುಂಡೆಯ ಮೇಲೆ ತೆವಳುತ್ತಾ ಅಡುಗೆ ಮಾಡುವುದನ್ನು ಕಲಿತಳು. ಸಾಯಂಕಾಲ ಗಾಡಿ ಶ್ರೀನಿವಾಸಪ್ಪನದು.

ಮೊದಲ ದಿನ ಅವನು ಕೇಳಿದ್ದ: “ನಿಂಗೆ ಬೇಕಾ ಗಾಡಿ?”

“ನಂಗ್ಯಾಕೆ. ನಾನೆಲ್ಲಿಗೆ ಹೋಗ್ಬೇಕು.”

ಮತ್ತೆ ಅವನು ಕೇಳಲಿಲ್ಲ. ಎಡಗಾಲು ಒತ್ತುತ್ತಾ, ಎಡಗೈ ತಿರುಗಿಸುತ್ತಾ ಗಲ್ಲಿಯ ತುದಿಗೆ ಹೋದ. ಇಳಿಜಾರಿನಲ್ಲಿ ಗಾಡಿ ತಿರುಗಿಸಿ ಹಿಂದು ಹಿಂದಾಗಿ, ಒಂದೊಂದೇ ಒತ್ತಿನಲ್ಲಿ ಏರಿ, ಮೇಲೆ ನಿಂತು ಉಸಿರು ತೆಗೆದುಕೊಂಡು, ರಸ್ತೆಯ ಕಡೆ ತಿರುಗಿ ಮರೆಯಾದ. ಯಾರೂ ಕೈ ಹಚ್ಚಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕುಳಿತು ಅವಳು ಅಷ್ಟನ್ನೂ ನೋಡಿದಳು. ಇಷ್ಟೇನಾ ಎನ್ನಿಸಿತು.

ಮುನ್ನೀ ಬೀ ಆ ಹೊತ್ತಿಗೆ ಮಿಷನ್ ಮುಚ್ಚುತ್ತಿದ್ದಳು. ಅವಳಿಗೆ ಕಣ್ಣು ಮಂಜಾಗಿ ದೀಪದ ಬೆಳಕಿನಲ್ಲಿ ಹೊಲಿಯಲು ಆಗುತ್ತಿರಲಿಲ್ಲ.

“ಬಾ ಅಕ್ಕ, ಕೆರೆ ತನಕ ತಳ್ಕೊಂಡು ಹೋಗ್ತೀನಿ,” ಎಂದವಳು, ಹೇಳಿದ ಮೇಲೆ ಸುತ್ತ ನೋಡಿದಳು. “ಗಾಡಿ ಎಲ್ಲಿ?”

“ಹೋಯ್ತು.”

“ಹಗಲಲ್ಲಿ ಹೊಲಿಗೆ ಬಿಟ್ಟು ಬರೋಕೆ ನಂಗೆ ಆಗಲ್ವಲ್ಲ.”

“ಗೊತ್ತು ಕಣೇ.”

ಮುನ್ನೀ ಬೀ ಪಕ್ಕದಲ್ಲಿ ಬಂದು ಕುಳಿತಳು. ಗಲ್ಲಿಯಲ್ಲಿ ಬೈಕುಗಳು ಸಲೀಸಾಗಿ ಇಳಿದು ಬರುತ್ತಿದ್ದವು. ಆದಿಲಕ್ಷ್ಮಮ್ಮನ ಎರಡು ಕೈಗಳೂ ಮಡಿಲಲ್ಲಿ ಖಾಲಿ ಬಿದ್ದಿದ್ದವು. ಸೀರೆಯ ಕೆಳಗೆ ಒಂದು ಕಡೆ ನೆರಿಗೆ ಚಪ್ಪಟೆಯಾಗಿತ್ತು.

ಅವರೆ ಕಾಲ ಶುರುವಾಗಿತ್ತು. ಅಮರನಾಥನ ತಾಯಿ ಅನಸೂಯಮ್ಮ ತಮ್ಮ ಮನೆಯಿಂದ ಮೊರದ ತುಂಬ ಅವರೆಕಾಯಿ ತಂದಳು. “ಹೆಂಗೂ ಸುಮ್ನೆ ಕೂತಿದೀಯಲ್ಲ ಆದಿಲಕ್ಷ್ಮಕ್ಕ, ಇಷ್ಟು ಸುಲಿದು ಕೊಟ್ಬಿಡು. ನಿಂಗೂ ಹೊತ್ತು ಹೋಗ್ತದೆ,” ಎಂದು ಮೊರವನ್ನು ಅವಳ ಮಡಿಲ ಮೇಲೆ ಇಟ್ಟು ಹೋದಳು.

ಮುನ್ನೀ ಬೀ ಮೊರ ತೆಗೆಯಲು ಕೈ ಚಾಚಿದಳು. ಆದಿಲಕ್ಷ್ಮಮ್ಮ ಆಗಲೇ ಮೊದಲ ಕಾಯಿಯ ನಾರು ಎಳೆದಿದ್ದಳು.